ಸೋಮವಾರದ ಐದು ಗಂಟೆ

(ಶ್ರೀಮಠದ ಸೋಮವಾರದ ಶಿವಾನುಭವ ಗೋಷ್ಠಿಯಲ್ಲಿ ಪೂಜ್ಯರು ದಯಪಾಲಿಸಿದ ಆಶೀರ್ವಚನ)



‘ವಾರ’ ಎಂಬ ಶಬ್ದವನ್ನು ದಿನನಿತ್ಯ ಬಳಸುತ್ತೇವೆ. ಅದರ ಅರ್ಥವನ್ನು ಮಾತ್ರ ವಿಚಾರಿಸಲು ಹೋಗುವುದಿಲ್ಲ. ಸಂಸ್ಕೃತದಲ್ಲಿ ವಾರವೆಂದರೆ ಪಾಳಿ, ಸರದಿ. ತನ್ನ ಪಾಳಿ ಬಂದಾಗ ಮರಳಿ ಬರುವಂಥಾದ್ದು ವಾರ. ‘ವಾರಂ ವಾರಂ’ ಎಂದರೆ ಮತ್ತೆ ಮತ್ತೆ ಎಂದರ್ಥ. ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ನಮಗೆ ವ್ಯಾಕರಣ ಹೇಳಿದ ಗುರುಗಳು ತಮ್ಮ ಬಾಲ್ಯದ ವಾರಾನ್ನದ ಕಥೆಯನ್ನು ಹೇಳುತ್ತಿದ್ದರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಆ ಮನೆಯ ತಾಯಿಗೆ ಜ್ವರ ಬಂದಿದ್ದರೂ ಹುಡುಗನ ಪಾಳಿಯ ಊಟ ತಪ್ಪುತ್ತಿರಲಿಲ್ಲವಂತೆ.

ಇಂಥ ಪದ್ಧತಿ ಜರ್ಮನಿ ದೇಶದಲ್ಲಿಯೂ ಇದ್ದಿತೆಂದರೆ ನಿಮಗೆ ಆಶ್ಚರ್ಯವಾದೀತು. ಐದುನೂರು ವರ್ಷಗಳ ಹಿಂದೆ ಐಸೆನಾಖ್ ಎಂಬ ಊರಿನಲ್ಲಿ ಓದುತ್ತಿದ್ದ ಹುಡುಗನೊಬ್ಬ ಜೊತೆಗಾರರನ್ನು ಕಟ್ಟಿಕೊಂಡು ಮನೆಮನೆಯ ಮುಂದೆ ನಿಂತು ಹಾಡಿ, ಕೊಟ್ಟ ರೊಟ್ಟಿಯನ್ನು ತಿಂದು ವಿದ್ಯೆ ಕಲಿತನು. ಆ ಹುಡುಗನೇ ಮುಂದೆ ಮಾರ್ಟಿನ್ ಲೂಥರ್ ಎಂದು ಲೋಕಕ್ಕೆ ಪರಿಚಿತರಾದವರು. ಪಾಪಕ್ಷಮೆಯ ಪತ್ರಗಳನ್ನು ಹಣಕ್ಕೆ ಮಾರುವುದನ್ನು 1517ರಲ್ಲಿ ಅವರು ಪ್ರಶ್ನಿಸಿದರು. ಆ ಪ್ರಶ್ನೆಯಿಂದ ಬೆಳೆದ ಕ್ರೈಸ್ತ ಸಭೆಗಳಿಗೆ ಲೂಥರನ್ ಸಭೆಗಳೆಂದು ಹೆಸರು. ಅವರ ಸಿದ್ಧಾಂತದ ವಿಮರ್ಶೆ ಇಂದು ನಮ್ಮ ಉದ್ದೇಶವಲ್ಲ. ಅವರ ಒಂದು ಸಭೆಯಲ್ಲಿ ವಾರವು ಹೇಗೆ ಸಾಗುತ್ತದೆಂಬುದನ್ನಷ್ಟೇ ನಿಮ್ಮ ಮುಂದೆ ಇಡಬೇಕೆಂದಿದ್ದೇವೆ. ಕಾರಣವನ್ನು ಕೊನೆಗೆ ಹೇಳುತ್ತೇವೆ.

ನಮ್ಮ ಮಠದ ಹಳೆಯ ಭಕ್ತರೊಬ್ಬರ ಮಗ ಜರ್ಮನಿಯ ಲೈಪ್‌ಜಿಗ್ ಪಟ್ಟಣದಲ್ಲಿ ನೌಕರಿಯಲ್ಲಿದ್ದಾನೆ. ಮೊನ್ನೆ ಊರಿಗೆ ಬಂದವನು ದರ್ಶನಕ್ಕೆ ಬಂದು, “ಅಜ್ಜಾರ, ಅಲ್ಲಿನೂ ಸೋಮವಾರ ಸಂಜಿಗೆ ಕೂಡತಾರ್ರಿ. ಐದು ಗಂಟೆಗೆ ಅಂದ್ರ ಐದು ಗಂಟೆಗೆ. ನಾನೂ ಹೋಗಿ ಕುಂತು ಬಂದೀನಿ” ಎಂದನು. ಹೋದದ್ದು ಎಲ್ಲಿಗೆಂದು ಕೇಳಿದೆವು. ನಿಕೊಲಾಯ್ ಚರ್ಚು ಎಂದನು. ಆ ಹೆಸರನ್ನು ನಾವು ಮೊದಲೇ ಓದಿದ್ದೆವು. ಜರ್ಮನಿಯೇನೂ ನಮಗೆ ತೀರ ಪರಕೀಯವಲ್ಲ. 1894ರಲ್ಲಿ ಅಚ್ಚಾದ ಕನ್ನಡ ನಿಘಂಟನ್ನು ನಮಗೆ ಕೊಟ್ಟ ಕಿಟ್ಟೆಲ್ ಅವರು ಉತ್ತರ ಜರ್ಮನಿಯ ಒಬ್ಬ ಪಾದ್ರಿಯ ಮಗ. ಆ ನಿಘಂಟು ನಮ್ಮ ಓದುವ ಮಣೆಯ ಪಕ್ಕದಲ್ಲಿಯೇ ಇರುತ್ತದೆ.

ಮೊದಲು ಅವರ ಭಾನುವಾರವನ್ನು ನೋಡೋಣ. ಬೆಳಿಗ್ಗೆ ಗಂಟೆ ಬಾರಿಸುತ್ತದೆ. ಗೋಡೆಯ ಮೇಲಿನ ಹಲಗೆಯಲ್ಲಿ ಅಂದು ಹಾಡುವ ಗೀತೆಗಳ ಅಂಕಿಗಳನ್ನು ಹಾಕಿರುತ್ತಾರೆ. ಬಂದವರು ಅದನ್ನು ನೋಡಿ ಪುಸ್ತಕದ ಪುಟ ತೆರೆದುಕೊಳ್ಳುತ್ತಾರೆ. ಹಾಡುವುದು ಗವಾಯಿಯ ಕೆಲಸವೆಂದು ಯಾರೂ ಬಾಯಿ ಮುಚ್ಚಿ ಕೂಡುವುದಿಲ್ಲ. ಸಭೆಯೆಲ್ಲ ಹಾಡಬೇಕೆಂಬುದು ಲೂಥರ್ ಅವರೇ ಹಾಕಿಕೊಟ್ಟ ಪದ್ಧತಿ. ಅವರು ಜನರ ಭಾಷೆಯಲ್ಲಿ ತಾವೇ ಗೀತೆಗಳನ್ನು ರಚಿಸಿದರು, ಧರ್ಮಗ್ರಂಥವನ್ನು ಜನರ ಭಾಷೆಗೆ ತಂದರು. ನಮ್ಮ ಶರಣರು ಜನರ ಮಾತಿನಲ್ಲಿಯೇ ನುಡಿದದ್ದನ್ನು ಬಲ್ಲ ನಿಮಗೆ ಇದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಗೀತೆ, ಗ್ರಂಥಪಠಣ, ಉಪದೇಶ, ಪ್ರಾರ್ಥನೆ, ಪ್ರಭುಭೋಜನ — ಇವೆಲ್ಲ ಕ್ರಮವಾಗಿ ನಡೆಯುತ್ತವೆ. ಇವುಗಳ ನಡುವೆ ನಮ್ಮ ಮನಸ್ಸಿಗೆ ಹಿಡಿಸಿದ ಒಂದು ಸಣ್ಣ ಸಂಗತಿಯಿದೆ. ಇತ್ತೀಚೆಗೆ ಸಭೆಯಲ್ಲಿ ಯಾರ ಮಗುವಿಗೆ ದೀಕ್ಷಾಸ್ನಾನವಾಯಿತು, ಯಾರ ಮದುವೆಯಾಯಿತು, ಯಾರು ತೀರಿಕೊಂಡರು ಎಂಬುದನ್ನು ಹೆಸರು ಹಿಡಿದು ಓದುತ್ತಾರೆ. ಓದಿ ಅವರಿಗಾಗಿ ಪ್ರಾರ್ಥಿಸುತ್ತಾರೆ. ತೀರಿಕೊಂಡ ಮುದುಕಿಗೆ ಬಂಧುಗಳು ಯಾರೂ ಇಲ್ಲದಿದ್ದರೂ ಅವಳ ಹೆಸರನ್ನು ಸಭೆಯೆಲ್ಲ ಒಮ್ಮೆ ಕೇಳುತ್ತದೆ.

ಭಾನುವಾರ ಮುಗಿದರೆ ಚರ್ಚಿಗೆ ಬೀಗ ಬಿತ್ತೆಂದು ತಿಳಿಯಬೇಡಿರಿ. ಒಂದು ದಿನ ಗಾಯಕವೃಂದದ ಅಭ್ಯಾಸ, ಒಂದು ದಿನ ಹಿತ್ತಾಳೆಯ ಕಹಳೆ ಊದುವವರ ಅಭ್ಯಾಸ. ಈ ಕಹಳೆಯವರಿಗೆ ಅದೇ ವೃತ್ತಿಯೆಂದಲ್ಲ. ರೊಟ್ಟಿ ಸುಡುವವನು, ಬಡಿಗ, ಶಾಲೆಯ ಹುಡುಗಿ ಎಲ್ಲರೂ ಕೂಡಿ ಊದುತ್ತಾರೆ. ಹಿರಿಯರ ಹುಟ್ಟಿದ ದಿನ ಅವರ ಮನೆ ಬಾಗಿಲಿಗೆ ಹೋಗಿ ಊದಿ ಬರುವುದೂ ಉಂಟು. ಲೈಪ್‌ಜಿಗ್‌ನವರಿಗಂತೂ ಸಂಗೀತವೆಂಬುದು ಹುಟ್ಟುಗುಣ. ಮಹಾಸಂಗೀತಗಾರ ಬಾಖ್ 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಆ ಊರಿನ ಚರ್ಚುಗಳ ಸಂಗೀತವನ್ನು ನಡೆಸಿದರು. ಅವರ ಒಂದು ಮಹಾಕೃತಿ 1724ರ ಶುಭಶುಕ್ರವಾರದಂದು ಇದೇ ನಿಕೊಲಾಯ್ ಚರ್ಚಿನಲ್ಲಿ ಮೊದಲ ಬಾರಿಗೆ ಕೇಳಿಸಿತು. ಇನ್ನು ಹೆಣ್ಣುಮಕ್ಕಳ ಕೂಟ, ಗ್ರಂಥ ಓದುವವರ ಕೂಟ, ರೋಗಿಗಳ ಭೇಟಿ ಇವೆಲ್ಲ ಇದ್ದೇ ಇವೆ. ಅವರ ಸಭಾಪಾಲಕರು ಸಂಸಾರಸ್ಥರು. ಲೂಥರ್ ಅವರೇ ಸನ್ಯಾಸವನ್ನು ಬಿಟ್ಟು 1525ರಲ್ಲಿ ಮದುವೆಯಾದರು. ಪಾಲಕರ ಮನೆಯಾಕೆ ಸಭೆಯ ಅರ್ಧ ಕೆಲಸವನ್ನು ಹೊರುತ್ತಿದ್ದಳೆಂದು ಓದಿದಾಗ ನಮಗೆ ನಗೆ ಬಂದಿತು. ನಮ್ಮ ಮಠದಲ್ಲಿ ಆ ಅರ್ಧವನ್ನು ದಾಸೋಹದ ಮನೆಯ ತಾಯಂದಿರು ಹೊತ್ತಿದ್ದಾರೆ, ಅವರ ಹೆಸರು ಯಾವ ಫಲಕದಲ್ಲಿಯೂ ಇಲ್ಲ.

ಮಕ್ಕಳ ವಿಷಯವನ್ನು ತುಸು ವಿಸ್ತಾರವಾಗಿ ಹೇಳಬೇಕು. ಲೂಥರ್ ಅವರು 1529ರಲ್ಲಿ ಒಂದು ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ಬರೆದರು. ಮನೆಯ ಯಜಮಾನನು ತನ್ನ ಮನೆಯವರಿಗೆ ಧರ್ಮವನ್ನು ಸರಳವಾಗಿ ಕಲಿಸಲೆಂದು ಬರೆದದ್ದು ಅದು. ವಾಕ್ಯವನ್ನು ಹೇಳುವುದು, ಒಡನೆಯೇ ಇದರ ಅರ್ಥವೇನೆಂದು ಕೇಳುವುದು, ಉತ್ತರ ಹೇಳುವುದು. ಅರ್ಥ ಕೇಳದ ಬಾಯಿಪಾಠ ಅವರಿಗೆ ಬೇಡವಾಗಿತ್ತು. ಹನ್ನೆರಡು ಹದಿಮೂರರ ವಯಸ್ಸಿನ ಮಕ್ಕಳು ಸುಮಾರು ಎರಡು ವರ್ಷ ಸಭಾಪಾಲಕರ ಹತ್ತಿರ ಪಾಠಕ್ಕೆ ಹೋಗಿ, ಹದಿನಾಲ್ಕರ ಹೊತ್ತಿಗೆ ದೃಢೀಕರಣವೆಂಬ ಸಂಸ್ಕಾರವನ್ನು ಪಡೆಯುತ್ತಾರೆ. ಕೂಸಾಗಿದ್ದಾಗ ತಂದೆತಾಯಿ ಕೊಡಿಸಿದ್ದನ್ನು ತಾನೇ ತಿಳಿದು ಒಪ್ಪಿಕೊಳ್ಳುವ ವಿಧಿ ಇದು.

ಈಗ ಕೇಳಿರಿ. ಎರಡನೆಯ ಮಹಾಯುದ್ಧದ ನಂತರ ಜರ್ಮನಿ ಎರಡು ಹೋಳಾಯಿತು. ಲೈಪ್‌ಜಿಗ್ ಪೂರ್ವದ ಹೋಳಿನಲ್ಲಿ ಉಳಿಯಿತು. ಅಲ್ಲಿಯ ಸರಕಾರವು ದೇವರು ಧರ್ಮಗಳನ್ನು ಒಪ್ಪದ ಪಕ್ಷದ ಕೈಯಲ್ಲಿದ್ದಿತು. ಚರ್ಚುಗಳನ್ನು ಮುಚ್ಚಲಿಲ್ಲ. ಅವುಗಳಿಗೆ ಹೋಗುವವರ ದಾರಿಯನ್ನು ಮಾತ್ರ ಇಕ್ಕಟ್ಟು ಮಾಡುತ್ತ ಬಂದರು. 1950ರ ದಶಕದ ನಡುವಿನಿಂದ ದೃಢೀಕರಣಕ್ಕೆ ಪ್ರತಿಯಾಗಿ ಸರಕಾರದ ಯುವದೀಕ್ಷೆಯೊಂದನ್ನು ನಿಲ್ಲಿಸಿದರು. ಅದನ್ನು ಬಿಟ್ಟು ಚರ್ಚಿನ ಸಂಸ್ಕಾರವನ್ನಷ್ಟೇ ಪಡೆದ ಎಷ್ಟೋ ಮಕ್ಕಳಿಗೆ ಮೇಲಿನ ಶಾಲೆಯ, ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಜಾಣ ಮಗನನ್ನು ಪಾಠಕ್ಕೆ ಕಳಿಸಬೇಕೇ ಬೇಡವೇ ಎಂದು ಅಲ್ಲಿಯ ಒಬ್ಬ ತಾಯಿ ರಾತ್ರಿಯೆಲ್ಲ ಯೋಚಿಸಿರಬೇಕು. ಕಳಿಸಿದವರೂ ಉಂಟು, ಕಳಿಸದವರೂ ಉಂಟು. ಕಳಿಸದವರನ್ನು ಹಳಿಯುವ ಅಧಿಕಾರ ನಮಗಿಲ್ಲ.

ಇಂಥ ಕಾಲದಲ್ಲಿ 1980ರಲ್ಲಿ ನಿಕೊಲಾಯ್ ಚರ್ಚಿಗೆ ಕ್ರಿಸ್ಟಿಯಾನ್ ಫ್ಯೂರರ್ ಎಂಬ ಸಭಾಪಾಲಕರು ಬಂದರು. ಅಣ್ವಸ್ತ್ರಗಳ ಭಯ ಎಲ್ಲೆಡೆ ಹಬ್ಬಿದ್ದ ದಿನಗಳವು. 1982ರ ಸೆಪ್ಟೆಂಬರಿನಿಂದ ಪ್ರತಿ ಸೋಮವಾರ ಸಂಜೆ ಐದು ಗಂಟೆಗೆ ಶಾಂತಿಗಾಗಿ ಪ್ರಾರ್ಥನೆ ಆರಂಭವಾಯಿತು. ಒಂದು ಗೀತೆ, ಒಂದು ಪಠಣ, ಜನ ತಮ್ಮ ಸಂಕಟವನ್ನು ಹೇಳಿಕೊಳ್ಳಲು ಅವಕಾಶ, ಪ್ರಾರ್ಥನೆ. ಬಾಗಿಲಲ್ಲಿ ‘ನಿಕೊಲಾಯ್ ಚರ್ಚು ಎಲ್ಲರಿಗೂ ತೆರೆದಿದೆ’ ಎಂಬ ಫಲಕ. ನಂಬುವವರಿಗೂ ನಂಬದವರಿಗೂ. ಗುಪ್ತ ಪೊಲೀಸರೂ ಬಂದು ಕೂಡುತ್ತಿದ್ದರು, ಅವರನ್ನೂ ಹೊರಗೆ ಹಾಕಲಿಲ್ಲ.

ಜನ ಬಂದರೇ? ಬರಲಿಲ್ಲ. ನಾವು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಸಾವಿರಕ್ಕೂ ಮೇಲ್ಪಟ್ಟು ಜನ ಕೂಡಬಲ್ಲ ದೊಡ್ಡ ಮಂದಿರ. ತಾಳೆಯ ಗರಿಗಳಂತೆ ತುದಿಯಲ್ಲಿ ಹರಡಿಕೊಂಡ ಬಿಳಿಯ ಕಂಬಗಳ ಕೆಳಗೆ ಎಷ್ಟೋ ಸೋಮವಾರ ಬೆರಳಲ್ಲಿ ಎಣಿಸುವಷ್ಟೇ ಜನ. ಈ ವಾರ ಬಿಡೋಣವೆಂದು ಯಾರಾದರೂ ಅಂದಿದ್ದರೆ ಅದು ನ್ಯಾಯವಾದ ಮಾತಾಗಿಯೇ ತೋರುತ್ತಿತ್ತು. ಆದರೂ ಪಾಳಿ ತಪ್ಪಲಿಲ್ಲ.

1988ರ ಹೊತ್ತಿಗೆ ದೇಶವನ್ನು ಬಿಟ್ಟು ಹೋಗಲು ಅರ್ಜಿ ಹಾಕಿ, ಆ ಕಾರಣಕ್ಕೆ ನೌಕರಿ ಕಳೆದುಕೊಂಡು, ಹೋಗಲೂ ಆಗದೆ ಇರಲೂ ಆಗದೆ ತೊಳಲುತ್ತಿದ್ದವರು ಬರಲಾರಂಭಿಸಿದರು. ಬೆರಳೆಣಿಕೆ ನೂರುಗಳಾಯಿತು. ಆಗ ಸರಕಾರದ ಕಣ್ಣು ಕೆಂಪಾಯಿತು. ಚರ್ಚಿನ ಹಿರಿಯರ ಮೇಲೆ ಒತ್ತಡ ಬಂದಿತು. ಆ ವರ್ಷದ ಆಗಸ್ಟಿನಲ್ಲಿ ಹಿರಿಯ ಧರ್ಮಾಧಿಕಾರಿಗಳು, ಪ್ರಾರ್ಥನೆಯನ್ನು ರೂಪಿಸುತ್ತಿದ್ದ ತರುಣರ ಗುಂಪುಗಳಿಂದಲೂ, ಅವರಿಗೆ ಆಧಾರವಾಗಿದ್ದ ಕ್ರಿಸ್ಟೋಫ್ ವೊನ್ನೆಬೆರ್ಗರ್ ಎಂಬ ಪಾಲಕರಿಂದಲೂ ಆ ಹೊಣೆಯನ್ನು ಕಿತ್ತುಕೊಂಡರು. ತರುಣರು ಚರ್ಚಿನ ಅಂಗಳದಲ್ಲಿ ನಿಂತು ತಮ್ಮ ಮಾತನ್ನು ಹೇಳತೊಡಗಿದರು. ಈ ಭಾಗವನ್ನು ಓದುವಾಗ ನಾವು ಪುಸ್ತಕವನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು. ಆ ಹಿರಿಯರು ಹೇಡಿಗಳೆಂದು ಹೇಳುವುದು ಸುಲಭ. ಸಂಸ್ಥೆಯನ್ನು ಉಳಿಸಬೇಕು, ಹೊರಗಿನ ಅಧಿಕಾರಕ್ಕೂ ಒಳಗಿನ ಉತ್ಸಾಹಕ್ಕೂ ನಡುವೆ ನಿಲ್ಲಬೇಕು. ಪೀಠದಲ್ಲಿ ಕುಳಿತವರಿಗೆ ಈ ಭಯ ಗೊತ್ತಿದೆ. ನಾವೂ ಎಷ್ಟೋ ಸಲ ತರುಣರ ಮಾತನ್ನು ಅಂಗಳಕ್ಕೆ ಕಳಿಸಿದ್ದೇವೆ. 1989ರ ವಸಂತದಲ್ಲಿ ಆ ಗುಂಪುಗಳನ್ನು ಮತ್ತೆ ಒಳಗೆ ಕರೆದುಕೊಂಡರು, ಅದು ಅವರ ದೊಡ್ಡತನ.

ಅದೇ ವರ್ಷ ಮೇ ತಿಂಗಳಿನಿಂದ ಪೊಲೀಸರು ಚರ್ಚಿನ ದಾರಿಗಳನ್ನು ಅಡ್ಡಗಟ್ಟಿದರು. ಜನ ಹೆಚ್ಚಾದರು. ಸೆಪ್ಟೆಂಬರಿನಲ್ಲಿ ಪ್ರಾರ್ಥನೆ ಮುಗಿಸಿ ಹೊರಗೆ ಬಂದವರನ್ನು ಹಿಡಿದು ಒಯ್ದರು. ಸಭೆಯವರು ಬಂಧಿತರ ಹೆಸರುಗಳನ್ನು ಚರ್ಚಿನ ಕಿಟಕಿಗೆ ಅಂಟಿಸಿ, ಮುಂದೆ ಹೂವು ಇಟ್ಟು ದೀಪ ಹಚ್ಚಿದರು. ಭಾನುವಾರ ಹೆಸರು ಓದುವ ಪದ್ಧತಿಯನ್ನು ಆಗಲೇ ಹೇಳಿದೆವಲ್ಲ, ಅದರ ಬೇರು ಅಲ್ಲಿದೆಯೆಂದು ನಮ್ಮ ಎಣಿಕೆ.

ಅಕ್ಟೋಬರ್ 9, ಸೋಮವಾರ. ಅದರ ಮೂರು ದಿನ ಮೊದಲು, ಬೇಕಾದರೆ ಆಯುಧ ಹಿಡಿದಾದರೂ ಇದನ್ನು ನಿಲ್ಲಿಸುತ್ತೇವೆಂಬ ಬೆದರಿಕೆ ಊರಿನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಆಸ್ಪತ್ರೆಗಳು ಗಾಯಾಳುಗಳಿಗಾಗಿ ಸಿದ್ಧವಾಗಿವೆಯೆಂಬ ಸುದ್ದಿ ಹಬ್ಬಿತ್ತು. ಮಧ್ಯಾಹ್ನಕ್ಕೇ ಪಕ್ಷದವರು ನೂರಾರು ಮಂದಿ ಬಂದು ಚರ್ಚಿನ ಆಸನಗಳನ್ನು ಹಿಡಿದು ಕುಳಿತರು. ಫ್ಯೂರರ್ ಅವರು ಸಿಟ್ಟಾಗಲಿಲ್ಲ, ಅವರಿಗೂ ಸ್ವಾಗತವೆಂದರು. ಕೆಲಸ ಮುಗಿಸಿ ತಡವಾಗಿ ಬರುವ ದುಡಿಯುವವರಿಗೆ ಇರಲೆಂದು ಮೇಲಿನ ಉಪ್ಪರಿಗೆಯನ್ನು ಮಾತ್ರ ಮುಚ್ಚಿ ಇಟ್ಟಿದ್ದರು. ಹೀಗೆ ಧರ್ಮವನ್ನು ಒಪ್ಪದ ನೂರಾರು ಮಂದಿ, ತಡೆಯಲೆಂದು ಬಂದವರು, ಕುಳಿತು ಪ್ರಾರ್ಥನೆಯನ್ನು ಕೊನೆಯವರೆಗೆ ಕೇಳಿದರು. ಊರಿನ ಇನ್ನೂ ಮೂರು ಚರ್ಚುಗಳಲ್ಲಿ ಅಂದು ಪ್ರಾರ್ಥನೆ ನಡೆಯಿತು. ಹಿಂಸೆ ಬೇಡವೆಂಬ ಮನವಿಯೊಂದನ್ನು ಓದಲಾಯಿತು. ಅದಕ್ಕೆ ಹೆಸರು ಕೊಟ್ಟವರಲ್ಲಿ ಸಂಗೀತ ನಿರ್ದೇಶಕ ಕುರ್ಟ್ ಮಾಸೂರ್ ಇದ್ದರು, ಪಕ್ಷದ ಮೂವರು ಕಾರ್ಯದರ್ಶಿಗಳೂ ಇದ್ದರು.

ಬಾಗಿಲು ತೆರೆದಾಗ ಹೊರಗೆ ಜನಸಾಗರ. ಎಲ್ಲ ಸೇರಿ ಸುಮಾರು 70,000 ಎಂದು ಲೆಕ್ಕ. ಕೈಯಲ್ಲಿ ಮೇಣದ ಬತ್ತಿ. ಇದನ್ನು ಫ್ಯೂರರ್ ಅವರು ಮುಂದೆ ಬಹಳ ಸಲ ವಿವರಿಸುತ್ತಿದ್ದರು. ಬಯಲಲ್ಲಿ ಬತ್ತಿ ಹಿಡಿದವನಿಗೆ ಎರಡೂ ಕೈ ಬೇಕು, ಒಂದು ಹಿಡಿಯಲು, ಒಂದು ಗಾಳಿಗೆ ಮರೆ ಮಾಡಲು. ಕಲ್ಲು ಎತ್ತಿಕೊಳ್ಳಲು ಮೂರನೆಯ ಕೈಯಿಲ್ಲ. ದೀಪ ಹಚ್ಚಿ ಬಲ್ಲ ತಾಯಂದಿರಿಗೆ ಈ ಮಾತು ಬೇಗ ತಿಳಿಯುತ್ತದೆ. ಜನ ಊರಿನ ಸುತ್ತುರಸ್ತೆಯಲ್ಲಿ ನಡೆದರು. ಒಂದು ಗುಂಡೂ ಹಾರಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ, ನವೆಂಬರ್ 9ರಂದು, ಬರ್ಲಿನ್ನಿನ ಗೋಡೆ ತೆರೆಯಿತು. 1990ರ ಅಕ್ಟೋಬರ್ 3ರಂದು ಎರಡು ಹೋಳುಗಳು ಒಂದಾದವು.

ಪ್ರಾರ್ಥನೆಯೊಂದರಿಂದಲೇ ಗೋಡೆ ಬಿದ್ದಿತೆಂದು ನಾವು ಹೇಳುವುದಿಲ್ಲ. ರಷ್ಯದಲ್ಲಿ ಗಾಳಿ ಬದಲಾಗಿತ್ತು, ಹಂಗೇರಿಯ ಗಡಿ ತೆರೆದಿತ್ತು, ಸರಕಾರದ ಬೊಕ್ಕಸ ಬರಿದಾಗಿತ್ತು. ಆದರೆ ಆ ದಿನ ಜನರಿಗೆ ಕೂಡಲು ಒಂದು ಜಾಗ ಬೇಕಾಗಿತ್ತು, ಒಂದು ಹೊತ್ತು ಬೇಕಾಗಿತ್ತು. ಎಲ್ಲಿ, ಎಷ್ಟು ಗಂಟೆಗೆ ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಎಷ್ಟೋ ವರ್ಷ ಹತ್ತು ಹನ್ನೆರಡು ಜನ ಕುಳಿತು ಆ ಹೊತ್ತನ್ನು ಕಾಯ್ದಿದ್ದರು.

ಮುಂದೇನಾಯಿತೆಂದು ನೀವು ಕೇಳಬಹುದು. ದೇಶ ಒಂದಾದ ಮೇಲೆ ಕಾರಖಾನೆಗಳು ಮುಚ್ಚಿದವು. ಕೆಲಸ ಹೋದವರಿಗಾಗಿ ಅದೇ ಫ್ಯೂರರ್ ಚರ್ಚಿನ ಮೂಲಕ ನೆರವಿನ ಸಂಘಟನೆ ಕಟ್ಟಿದರು. 2008ರಲ್ಲಿ ನಿವೃತ್ತರಾಗಿ 2014ರಲ್ಲಿ ತೀರಿಕೊಂಡರು. ತುಂಬಿದ ಚರ್ಚು ತುಂಬಿಯೇ ಉಳಿಯಲಿಲ್ಲ. ಆ ಊರಿನ ಬಹುಪಾಲು ಜನ ಇಂದು ಯಾವ ಧರ್ಮಕ್ಕೂ ಸೇರಿದವರಲ್ಲ. ಸೋಮವಾರ ಐದು ಗಂಟೆಯ ಪ್ರಾರ್ಥನೆ ಮಾತ್ರ ನಡೆದಿದೆ. ಆ ಹುಡುಗನು ಹೋದ ದಿನವೂ ಮುಂದಿನ ಎರಡು ಮೂರು ಸಾಲುಗಳಲ್ಲಷ್ಟೇ ಜನರಿದ್ದರಂತೆ.

ಈಗ ಕಾರಣವನ್ನು ಹೇಳುತ್ತೇವೆ. ನಮ್ಮ ಈ ಸೋಮವಾರದ ಗೋಷ್ಠಿಗೆ ಜನ ಕಡಿಮೆಯಾಗಿದ್ದಾರೆ, ಇದನ್ನು ತಿಂಗಳಿಗೊಮ್ಮೆ ಮಾಡಿ ವೈಭವದಿಂದ ನಡೆಸಿದರೆ ಒಳ್ಳೆಯದು ಎಂದು ಕಮಿಟಿಯ ಹಿರಿಯರು ಒಂದು ಠರಾವು ಬರೆದು ತಂದಿದ್ದಾರೆ. ಸದುದ್ದೇಶದಿಂದಲೇ ತಂದಿದ್ದಾರೆ. ಖರ್ಚು, ದೀಪ, ಪ್ರಸಾದ ಎಲ್ಲವನ್ನೂ ಲೆಕ್ಕ ಹಾಕಿ ತೋರಿಸಿದ್ದಾರೆ, ಲೆಕ್ಕದಲ್ಲಿ ತಪ್ಪಿಲ್ಲ. ಮೂರು ವಾರದಿಂದ ಆ ಕಾಗದ ಕಿಟ್ಟೆಲ್ ನಿಘಂಟಿನ ಒಳಗೆ ಇದೆ. ಸಹಿ ಹಾಕಲು ನಮಗೆ ಮನಸ್ಸು ಬಂದಿಲ್ಲ.

ಇಂದು ನಾವು ಎಣಿಸಿದೆವು, ಹಿಂದೆ ಕಂಬಕ್ಕೆ ಒರಗಿ ನಿದ್ದೆ ಮಾಡುತ್ತಿರುವ ನಮ್ಮ ಬಸಣ್ಣನನ್ನೂ ಹಿಡಿದು ಮೂವತ್ತೊಂದು ಜನರಿದ್ದೀರಿ. ಮುಂದಿನ ಸೋಮವಾರ ಆರು ಗಂಟೆಗೆ ದೀಪ ಹಚ್ಚುವ ಪಾಳಿ ಕೆಳಗಿನ ಓಣಿಯ ತಾಯಂದಿರದು. ಮೋಡ ಕಟ್ಟಿದೆ, ದೂರದ ಹಳ್ಳಿಗೆ ಹೋಗುವವರು ಮೊದಲ ಪಂಕ್ತಿಗೆ ಕುಳಿತುಬಿಡಿರಿ.