ಮೊದಲು ದತ್ತಿ, ಆಮೇಲೆ ದಂಡ

ಅರಸೀಕೆರೆಯಲ್ಲಿ ರೈಲಿಳಿದು ಹಳೇಬೀಡು, ಬೇಲೂರುಗಳತ್ತ ಹೊರಡುವವರು ಶಿಲ್ಪವೈಭವವನ್ನು ಕಂಡು ಧನ್ಯರಾಗುತ್ತಾರೆ. ಎಂ.ಎ. ತರಗತಿಯಲ್ಲಿ ಓದುತ್ತಿದ್ದ ದಿನಗಳಿಂದಲೂ ನನ್ನನ್ನು ಸೆಳೆದದ್ದು ಆ ಸೀಮೆಯ ದಾನಶಾಸನಗಳ ರಚನಾಕ್ರಮ. ಅರಸನ ಪ್ರಶಸ್ತಿ ಮುಗಿದ ಮೇಲೆ ದತ್ತಿಯ ವಿವರ ಬರುತ್ತದೆ: ನಂದಾದೀವಿಗೆಗೆ ಇಷ್ಟು, ತಪೋಧನರ ಆಹಾರದಾನಕ್ಕೆ ಇಷ್ಟು, ಜೀರ್ಣೋದ್ಧಾರಕ್ಕೆ ಇಷ್ಟು. ಕೊನೆಯಲ್ಲಿ ಶಾಪಾಶಯ: ಈ ಧರ್ಮವನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ. ಪೋಷಣೆ ಮೊದಲು, ದಂಡನೆ ಆಮೇಲೆ. ಇದನ್ನು ಹೊಯ್ಸಳರ ರಾಜನೀತಿಯೆಂದೇ ಓದಬೇಕಿಲ್ಲ. ಆದರೂ ಒಂದು ಪ್ರಶ್ನೆ ಏಳುತ್ತದೆ: ಪೋಷಿಸದ ಪ್ರಭುತ್ವಕ್ಕೆ ದಂಡಿಸುವ ಅಧಿಕಾರ ಎಷ್ಟರಮಟ್ಟಿನದು?

ಯುರೋಪಿನ ಉತ್ತರದಂಚಿನ ನಾರ್ವೆ, ಸ್ವೀಡನ್, ಫಿನ್ಲೆಂಡ್, ಡೆನ್ಮಾರ್ಕ್‌ಗಳು ಈ ಪ್ರಶ್ನೆಗೆ ತಮ್ಮದೇ ಉತ್ತರ ಕೊಟ್ಟಿವೆ. ಅಲ್ಲಿ ಶಿಕ್ಷಣ, ಚಿಕಿತ್ಸೆ, ನಿರುದ್ಯೋಗಿಯ ಜೀವನಾಧಾರ ಇವೆಲ್ಲ ಪ್ರಜೆಯ ಹಕ್ಕುಗಳು. ಸೆರೆಮನೆಯ ಬಾಗಿಲಲ್ಲಿ ಈ ಹಕ್ಕುಗಳು ಮುಗಿಯುವುದಿಲ್ಲ. ಸ್ವಾತಂತ್ರ್ಯ ಕಳೆದುಕೊಳ್ಳುವುದೇ ಶಿಕ್ಷೆ, ಅದರ ಮೇಲೆ ಬೇರೆ ಯಾತನೆ ಸಲ್ಲದು ಎಂಬುದು ನಾರ್ವೆಯ ತತ್ತ್ವ. ಅಲ್ಲಿ ಕೈದಿಗೆ ಪಾಠ ಹೇಳುವವರೂ ಪುಸ್ತಕ ಕೊಡುವವರೂ ಹೊರಗಿನ ಸಾರ್ವಜನಿಕ ಸೇವೆಗಳಿಂದಲೇ ಬರುತ್ತಾರೆ. ಫಿನ್ಲೆಂಡ್ 1921ರಲ್ಲೇ ದಿನದಂಡದ ಪದ್ಧತಿಯನ್ನು ತಂದಿತು: ಅಪರಾಧ ಒಂದೇ ಆದರೂ ಜುಲ್ಮಾನೆಯ ಮೊತ್ತ ತಪ್ಪಿತಸ್ಥನ ವರಮಾನವನ್ನು ಅನುಸರಿಸುತ್ತದೆ. ಅಲ್ಲಿಯೂ ಎಲ್ಲವೂ ಸುಗಮವೆಂದಲ್ಲ. 2011ರಲ್ಲಿ ಒಬ್ಬನೇ ದುಷ್ಕರ್ಮಿ 77 ಜನರನ್ನು ಕೊಂದಾಗ ನಾರ್ವೆ ತತ್ತರಿಸಿತು. ಈಚಿನ ವರ್ಷಗಳಲ್ಲಿ ಪುಂಡರ ಗುಂಪುಗಳ ಗುಂಡಿನ ಸದ್ದಿಗೆ ಬೆದರಿದ ಸ್ವೀಡನ್ ಕಠಿಣ ಶಿಕ್ಷೆಯತ್ತ ವಾಲಿದೆ.

ಇನ್ನು ನಮ್ಮ ಮನೆಯ ಮಾತು. ಹಳೇಬೀಡು ಹೋಬಳಿಯ ಒಬ್ಬ ಕೂಲಿಕಾರ ಸಣ್ಣ ಕಳವಿನ ಆರೋಪಕ್ಕೆ ಸಿಕ್ಕಿದನೆನ್ನಿ. ನ್ಯಾಯಾಲಯ ಜಾಮೀನು ಮಂಜೂರು ಮಾಡಿದರೂ ಪಹಣಿ ಹಿಡಿದು ಬಂದು ನಿಲ್ಲುವ ಜಾಮೀನುದಾರ ಅವನಿಗೆ ಎಲ್ಲಿಂದ ಸಿಗಬೇಕು? 1978ರಲ್ಲಿ ಮೋತಿರಾಮನೆಂಬ ಗಾರೆ ಕೆಲಸದವನ ಮೊಕದ್ದಮೆಯಲ್ಲಿ ಇದೇ ಸಂಕಟ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿತು. ಕೇಳಿದ್ದ ಜಾಮೀನು ಹತ್ತು ಸಾವಿರ ರೂಪಾಯಿ. ನಿಲ್ಲಲು ಬಂದ ಸಹೋದರನ ಆಸ್ತಿ ಬೇರೆ ಜಿಲ್ಲೆಯದೆಂದು ಅದೂ ತಿರಸ್ಕೃತವಾಗಿತ್ತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಒಂದು ಸಾವಿರದ ಸ್ವಂತ ಮುಚ್ಚಳಿಕೆಯ ಮೇಲೆ ಅವನನ್ನು ಬಿಡಿಸಿದರು. ಆದರೂ 2022ರ ಕೊನೆಗೆ ಭಾರತದ ಸೆರೆಯಾಳುಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತೈದು ಮಂದಿ ವಿಚಾರಣೆ ಮುಗಿಯದವರು. ಅಪರಾಧ ಸಾಬೀತಾಗುವ ಮೊದಲೇ ಬಡತನಕ್ಕೆ ಶಿಕ್ಷೆಯಾಗುತ್ತಿದೆ.

ಹಾಗೆಂದು ನಮ್ಮ ಪ್ರಭುತ್ವ ದತ್ತಿಯನ್ನೇ ಬಿಟ್ಟಿಲ್ಲ. 1976ರಲ್ಲಿ ಸಂವಿಧಾನಕ್ಕೆ ಸೇರಿದ 39ಎ ವಿಧಿ ಉಚಿತ ಕಾನೂನು ನೆರವನ್ನು ರಾಜ್ಯದ ಕರ್ತವ್ಯವೆಂದಿತು. 1987ರ ಕಾಯಿದೆ ಅದಕ್ಕಾಗಿ ತಾಲ್ಲೂಕು ಮಟ್ಟದವರೆಗೆ ಸಮಿತಿಗಳಿಗೆ ಅವಕಾಶ ಮಾಡಿತು. ಬಂಧನದಲ್ಲಿರುವ ಯಾರೇ ಆಗಲಿ, ವರಮಾನದ ಲೆಕ್ಕವಿಲ್ಲದೆ ವಕೀಲರ ನೆರವಿಗೆ ಅರ್ಹರು. ಇದು ಆ ಕೂಲಿಕಾರನಿಗೆ ತಿಳಿದಿದೆಯೇ? ಅವನ ಹೆಂಡತಿಗೆ ತಿಳಿದಿದೆಯೇ?

ಶಾಸನವನ್ನು ಕಲ್ಲಿಗೆ ಹಾಕಿಸಿ ಗುಡಿಯ ಮುಂದೆ, ಊರ ನಡುವೆ ನಿಲ್ಲಿಸುತ್ತಿದ್ದರು. ದತ್ತಿ ಯಾರಿಗೆ ಸಲ್ಲಬೇಕೆಂಬುದಕ್ಕೆ ಊರೇ ಸಾಕ್ಷಿಯಾಗಿರುತ್ತಿತ್ತು. ಇಂದಿನ ಶಾಸನ ಗ್ರಂಥದೊಳಗಿದೆ. ಅದನ್ನು ಓದಬಲ್ಲ ನಾವು ಓದಲಾರದ ನೆರೆಯವನಿಗೆ ತಿಳಿಹೇಳಿದರೆ ಈ ಕಾಲದ ದತ್ತಿಯೂ ಸಲ್ಲಬೇಕಾದವನಿಗೆ ಸಂದೀತು.