ಕಾಡಂಚಿನ ಬದುಕು ಮತ್ತು ನಮ್ಮ ಸಂಘ

(ಸಂಘದ ಬೆಳ್ಳಿ ಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳ್ಳಿ ಹಬ್ಬದ ದಿನ ಸಂಘವನ್ನು ಹೊಗಳುವುದು ವಾಡಿಕೆ. ಹೊಗಳುವುದಕ್ಕೆ ಬೇಕಾದಷ್ಟಿದೆ, ಆ ಮಾತುಗಳನ್ನು ವೇದಿಕೆಯ ಮೇಲಿರುವ ಹಿರಿಯರು ಆಗಲೇ ಆಡಿದ್ದಾರೆ. ನಾವು ಕಾಕನಕೋಟೆ ಕಾಡಿನ ಅಂಚಿನವರು. ಇಂಥ ಊರಿನ ಡೈರಿ ಹಾಲು ಅಳೆದು ಬಟವಾಡೆ ಮಾಡಿದರೆ ಸಾಕೇ, ಇನ್ನೇನಾದರೂ ಮಾಡಬೇಕೇ ಅನ್ನುವ ಒಂದು ವಿಚಾರವನ್ನು ಮಾತ್ರ ನಿಮ್ಮ ಮುಂದೆ ಇಡುತ್ತೇವೆ.

ಕಾಕನಕೋಟೆ ಅಂದರೆ ಹೊರಗಿನವರಿಗೆ ನೆನಪಿಗೆ ಬರುವುದು ಖೆಡ್ಡಾ. ಕಾಡಾನೆಗಳನ್ನು ಕಪಿಲಾ ನದಿಗೆ ಅಟ್ಟಿ, ದಾಟಿಸಿ, ದೊಡ್ಡಿಗೆ ಕೂಡುತ್ತಿದ್ದರು. ನೋಡೋದಕ್ಕೆ ಮಹಾರಾಜರ ಅತಿಥಿಗಳು ದೇಶ ವಿದೇಶದಿಂದ ಬರುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ದಸರೆಯಲ್ಲಿ 750 ಕಿಲೋ ತೂಕದ ಚಿನ್ನದ ಅಂಬಾರಿಯನ್ನು 2012ರಿಂದ 2019ರವರೆಗೆ ಹೊತ್ತ ಅರ್ಜುನನನ್ನು ಹಿಡಿದದ್ದೂ ಇದೇ ಕಾಡಿನಲ್ಲಿ, 1968ರ ಖೆಡ್ಡಾದಲ್ಲಿ. ಬಳ್ಳೆ ಶಿಬಿರದಲ್ಲಿದ್ದ ಆ ಆನೆ 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರಿನ ಹತ್ತಿರ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ತಾನೇ ಸತ್ತಿತು. ಸುದ್ದಿ ಕೇಳಿ ಈ ಕಡೆ ಅತ್ತವರು ಎಷ್ಟೋ ಜನ. ಆನೆ ಹೊಲಕ್ಕೆ ನುಗ್ಗಿದರೆ ಬೈಯುವವರೂ ನಾವೇ, ಆನೆ ಸತ್ತರೆ ಅಳುವವರೂ ನಾವೇ.

ಖೆಡ್ಡಾ ಮುಗಿಯುವ ಹೊತ್ತಿಗೆ ಅಣೆಕಟ್ಟು ಬಂತು. ಬೀಚನಹಳ್ಳಿಯಲ್ಲಿ 1959ರಲ್ಲಿ ಶುರುವಾದ ಕಬಿನಿ ಅಣೆಕಟ್ಟಿನ ಕೆಲಸ 1974ಕ್ಕೆ ಮುಗಿಯಿತು. 19.52 ಟಿ.ಎಂ.ಸಿ. ನೀರು ನಿಲ್ಲುವ ಜಲಾಶಯ. ಊರುಗಳು ಮುಳುಗಿದವು, ಕಾಡೂ ಮುಳುಗಿತು. ನೀರು ಹೆಚ್ಚಾಗಿ ಹರಿದದ್ದು ಕೆಳಗಿನ ನಂಜನಗೂಡು, ಟಿ. ನರಸೀಪುರದ ಕಡೆಗೆ. ಕಬಿನಿ, ನುಗು, ತಾರಕ, ಹೆಬ್ಬಳ್ಳ ಅಂತ ನಾಲ್ಕು ಜಲಾಶಯ ಕಟ್ಟಿಸಿಕೊಂಡ ಸೀಮೆ ನಮ್ಮದು. ಆದರೂ ನಮ್ಮಲ್ಲಿ ಬಹಳ ಜನ ಇವತ್ತಿಗೂ ರಾಗಿ, ಹತ್ತಿ, ಹುರುಳಿ, ಅವರೆಗೆ ಮುಗಿಲು ನೋಡುತ್ತಲೇ ಕೂತಿದ್ದೇವೆ. ಕೆ.ಆರ್. ನಗರದ ಗದ್ದೆ ಬಯಲು ನೋಡಿದವರಿಗೆ ಈ ಮಾತು ಬೇಗ ಅರ್ಥ ಆಗುತ್ತೆ.

ಆಮೇಲೆ ಬಂದದ್ದು ಕಾಡಿನ ಕಾನೂನು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1973ರಲ್ಲಿ ಬಂಡೀಪುರಕ್ಕೆ ಹುಲಿ ಯೋಜನೆ. ಕಾಡು ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾಡಿದ್ದರೆ ತಾನೆ ಕಪಿಲೆ? ಆದರೆ ಖೆಡ್ಡಾ ಇರಲಿ, ಅಣೆಕಟ್ಟಿರಲಿ, ಕಾನೂನಿರಲಿ, ತೀರ್ಮಾನ ಆದದ್ದು ಬೇರೆಲ್ಲೋ. ನಮ್ಮನ್ನು ಯಾರೂ ಕೇಳಲಿಲ್ಲ. ಹಾಡಿಯ ಜೇನುಕುರುಬರು, ಕಾಡುಕುರುಬರನ್ನಂತೂ ನಮಗಿಂತ ಕಡಿಮೆ ಕೇಳಿದರು.

ನಾವೇ ಕೂತು, ನಾವೇ ಷೇರು ಹಾಕಿ, ನಾವೇ ತೀರ್ಮಾನಿಸಿ ಕಟ್ಟಿದ್ದು ಈ ಸಂಘ. ಈ ಸೀಮೆಯಲ್ಲಿ ಇದು ಸಣ್ಣ ವಿಷಯ ಅಲ್ಲ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದಾಗ ಇದ್ದ ಬುದ್ಧಿಯೂ ಇದೇ: ಒಬ್ಬನ ಕೈಯಲ್ಲಿ ಆಗದ್ದನ್ನು ಹತ್ತು ಜನ ಸೇರಿ ಮಾಡೋದು. ಗುಜರಾತಿನ ಖೇಡಾ ಜಿಲ್ಲೆಯ ರೈತರು 1946ರಲ್ಲಿ ಹಾಲಿನ ಸಂಘ ಕಟ್ಟಿದರು. ಅವರದು ಖೇಡಾ, ನಮ್ಮದು ಖೆಡ್ಡಾ! ನಮ್ಮ ರಾಜ್ಯದಲ್ಲಿ ಹೈನು ಅಭಿವೃದ್ಧಿ ನಿಗಮ ಬಂದದ್ದು 1974ರಲ್ಲಿ, ಅಣೆಕಟ್ಟು ಮುಗಿದ ವರ್ಷವೇ. ಸಂಘದಲ್ಲಿ ಹತ್ತು ಲೀಟರ್ ಹಾಕುವ ಯಜಮಾನನಿಗೂ ಒಂದೇ ಓಟು, ಎರಡು ಲೀಟರ್ ಹಾಕುವ ವಿಧವೆ ತಾಯಿಗೂ ಒಂದೇ ಓಟು.

ಹಾಲು ನಮ್ಮ ಕೈ ಹಿಡಿಯಿತು. ಆನೆ ಬಂದು ಒಂದು ರಾತ್ರಿಯಲ್ಲಿ ರಾಗಿ ಹೊಲ ತುಳಿದು ಹೋದರೆ ವರ್ಷದ ದುಡಿಮೆ ಹೋಯಿತು. ಹಾಲಿನ ದುಡ್ಡು ಹಾಗಲ್ಲ, ಬಟವಾಡೆ ದಿನಕ್ಕೆ ಕೈಗೆ ಬರುತ್ತೆ. ಅಂಗಡಿ ಸಾಲ, ಮಕ್ಕಳ ಫೀಜು, ಆಸ್ಪತ್ರೆ ಖರ್ಚು ಎಲ್ಲಾ ಅದರಲ್ಲೇ ನಡೆಯುತ್ತೆ.

ಆದರೆ ಈಗ ಹಸುವಿಗೂ ಆಪತ್ತು, ಹಸು ಕಾಯುವವರಿಗೂ ಆಪತ್ತು. 2025ರ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ, ಎಚ್.ಡಿ. ಕೋಟೆಯಿಂದ ಬೇರೆಯಾದ ಸರಗೂರು ತಾಲ್ಲೂಕಿನಲ್ಲಿ ಹುಲಿ ದಾಳಿಗೆ ರೈತರು ಜೀವ ಕಳಕೊಂಡರು. ನಮ್ಮಂಥವರೇ ಅವರು. ಹುಲಿ, ಆನೆ ಹೆಚ್ಚಾಗಿ ಓಡಾಡುವುದು ಮುಂಜಾವಿನ ಮಬ್ಬಿನಲ್ಲಿ, ಸಂಜೆ ಕತ್ತಲಾಗುವಾಗ. ನಮ್ಮ ಹೆಣ್ಣುಮಕ್ಕಳು ಕ್ಯಾನು ಹಿಡಿದು ತೋಟದ ಮನೆಗಳಿಂದ ಒಂಟಿಯಾಗಿ ಡೈರಿಗೆ ನಡೆಯುವುದೂ ಅದೇ ಹೊತ್ತಿನಲ್ಲಿ. ಫ್ಯಾಟು ಎಷ್ಟು ಬಂತು ಅಂತ ದಿನಾ ಕೇಳುವ ನಾವು, ಆ ತಾಯಿ ಹ್ಯಾಗೆ ಬಂದಳು ಅಂತ ಕೇಳಬೇಡವೇ?

ಅದಕ್ಕೆ ನಾಲ್ಕು ಮಾತು. ಕಾಯ್ದೆ, ಬೈಲಾ ಒಪ್ಪುವ ಮಟ್ಟಿಗೆ ಇವನ್ನು ಮುಂದಿನ ಸರ್ವ ಸದಸ್ಯರ ಸಭೆಯ ಅಜೆಂಡಾಕ್ಕೆ ಹಾಕಿ ಅಂತ ಕೋರುತ್ತೇವೆ.

ಒಂದು, ಹಾಲು ಹಾಕುವ ಸಮಯ. ಒಕ್ಕೂಟದ ಹಾಲಿನ ಗಾಡಿಯ ಹೊತ್ತು ನೋಡಿಕೊಂಡು, ಸಾಧ್ಯವಾದಷ್ಟು ಬೆಳಕಿನಲ್ಲಿ ಹಾಲು ತೆಗೆದುಕೊಳ್ಳಬೇಕು. ದೂರದ ತೋಟದ ಮನೆಗಳವರು ಗುಂಪಾಗಿ ಬರಲಿ. ಆಗದಿದ್ದರೆ ಒಬ್ಬರು ಗಾಡಿಯಲ್ಲಿ ಎಲ್ಲರ ಕ್ಯಾನು ತರಲಿ, ಬಾಡಿಗೆ ಹಂಚಿಕೊಳ್ಳೋಣ.

ಎರಡು, ಮೇವು. ದನ ಕಾಡಿನ ಬದಿಗೆ ಹೋಗೋದು ಹೊಟ್ಟೆಪಾಡಿಗೆ. ಬೇಸಿಗೆಯಲ್ಲಿ ಹಿನ್ನೀರು ಇಳಿದ ಜಾಗದಲ್ಲಿ ಹಸಿರು ಹುಲ್ಲು ಚಿಗುರುತ್ತೆ, ಅಲ್ಲಿಗೆ ಆನೆ ಹಿಂಡುಗಳೂ ಬರುತ್ತವೆ, ನಮ್ಮ ದನವೂ ಹೋಗುತ್ತೆ. ಕೊಟ್ಟಿಗೆಯಲ್ಲೇ ಕಟ್ಟಿ ಸಾಕಬೇಕಾದರೆ ಮೇವಿನ ಜೋಳ, ರಾಗಿ ಹುಲ್ಲು ಒಟ್ಟಿಗೆ ಕೊಂಡು ಕೂಡಿಡಬೇಕು. ಒಬ್ಬೊಬ್ಬರೇ ಕೊಳ್ಳಲು ಹೋದರೆ ಬೇಸಿಗೆ ಬೆಲೆಗೆ ಬಡವರು ತಾಳಲಾರರು.

ಮೂರು, ಪರಿಹಾರದ ಅರ್ಜಿ. ಬೆಳೆ ಹಾಳಾದ ದಿನ ರೈತ ತಲೆ ಮೇಲೆ ಕೈ ಹೊತ್ತು ಕೂತಿರುತ್ತಾನೆ. ಪಹಣಿ, ಫೋಟೋ, ಬ್ಯಾಂಕ್ ಪುಸ್ತಕ ಹುಡುಕುವ ಮನಸ್ಸೆಲ್ಲಿ? ಬಂಡೀಪುರ, ನಾಗರಹೊಳೆ ಅಂಚಿನ ಊರುಗಳಲ್ಲಿ 2015ರಲ್ಲಿ ಶುರುವಾದ ‘ವೈಲ್ಡ್ ಸೇವೆ’ ಯೋಜನೆ ಇಂಥ ಸಾವಿರಾರು ಅರ್ಜಿ ಹಾಕಿಸಿದೆ. ನಮ್ಮ ಸಂಘದಲ್ಲಿ ಕಂಪ್ಯೂಟರ್ ಇದೆ, ಓದಿದ ಹುಡುಗರಿದ್ದಾರೆ. ಒಬ್ಬರನ್ನು ಈ ಕೆಲಸಕ್ಕೆ ಗೊತ್ತು ಮಾಡೋಣ.

ನಾಲ್ಕು, ಹಾಡಿಯವರು. ಆನೆ ಯಾವ ದಾರಿಯಲ್ಲಿ ಬಂತು, ಹುಲಿ ಎಷ್ಟು ಹೊತ್ತಿನ ಹಿಂದೆ ದಾಟಿತು ಅಂತ ಹೆಜ್ಜೆ ನೋಡಿ ಹೇಳುವ ತಿಳಿವಳಿಕೆ ಅವರಲ್ಲಿದೆ. ನಮ್ಮ ಹೊಲದ ಕಳೆ ತೆಗೆಯುವವರೂ, ರಾತ್ರಿ ಕಾವಲು ಕಾಯುವವರೂ ಅವರೇ. ಆದರೆ ಸದಸ್ಯರ ಪುಸ್ತಕದಲ್ಲಿ ಅವರ ಹೆಸರು ಎಷ್ಟಿವೆ? ಒಂದು ಹಸು ಕೊಳ್ಳಲು ಜಾಮೀನು ನಿಂತು, ಷೇರು ಕೊಡಿಸಿ ಅವರನ್ನು ಒಳಗೆ ಕರೆದುಕೊಳ್ಳೋಣ. ನಮ್ಮನ್ನು ಯಾರೂ ಕೇಳಲಿಲ್ಲ ಅಂತ ದೂರುವ ನಾವು, ನಮ್ಮ ಪಕ್ಕದವರನ್ನು ಕೇಳದೆ ಇರುವುದು ನ್ಯಾಯವಲ್ಲ.

ಹಿಂದೆ ನಮ್ಮ ಹಿರಿಯರು ಮುಯ್ಯಾಳು ಅಂತ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ದುಡಿಯುತ್ತಿದ್ದರು. ಲೆಕ್ಕದ ಪುಸ್ತಕ ಇಲ್ಲದ ಸಹಕಾರ ಅದು. ಕಂದಕ ತೋಡಲಿ, ಸೋಲಾರ್ ಬೇಲಿ ಹಾಕಲಿ, ರೈಲ್ವೆ ಕಂಬಿ ನೆಡಲಿ ಅಂತ ಸರ್ಕಾರವನ್ನು ಕೇಳೋಣ, ಬಿಡದೆ ಕೇಳೋಣ. ಆದರೆ ಹೂಳು ತುಂಬಿದ ಕಂದಕವನ್ನು ಆನೆ ದಾಟುತ್ತೆ, ಗಿಡ ಬೆಳೆದು ತಾಗಿದ ತಂತಿಗೆ ಕರೆಂಟು ನಿಲ್ಲದು. ದಿನಾ ನೋಡಿಕೊಳ್ಳುವವರು ಊರಿನಲ್ಲೇ ಇರಬೇಕು. ಊರಿನವರೆಲ್ಲ ದಿನಕ್ಕೆ ಎರಡು ಸಲ ಒಂದೆಡೆ ಸೇರುವ ಜಾಗ ಈ ಡೈರಿ ಒಂದೇ. ಆದ್ದರಿಂದ ಈ ಕೆಲಸ ಇಲ್ಲಿಂದಲೇ ಶುರುವಾಗಲಿ.

ಭೀಮನಕೊಲ್ಲಿ ಮಹದೇಶ್ವರಸ್ವಾಮಿ ನಮಗೆಲ್ಲ ಆ ಬುದ್ಧಿ, ಆ ಶಕ್ತಿ ಕೊಡಲಿ.