ಆಲಿಕೆಯ ಕೆಳಗಿನ ಜಲಸಸ್ಯ



ನಮ್ಮ ಪ್ರೌಢಶಾಲೆಗಳಲ್ಲಿ ವಿಜ್ಞಾನವನ್ನು ಓದಿದವರಲ್ಲಿ ಬಹುಮಂದಿ ಒಂದು ಪ್ರಯೋಗವನ್ನು ಕಣ್ಣಾರೆ ಕಂಡಿರುತ್ತಾರೆ. ಕಾಣದವರು ಪಠ್ಯಪುಸ್ತಕದಲ್ಲಿ ಅದರ ಚಿತ್ರವನ್ನಾದರೂ ನೋಡಿ, ಪರೀಕ್ಷೆಯ ಹಿಂದಿನ ರಾತ್ರಿ ಅದನ್ನು ಬರೆದು ಭಾಗಗಳನ್ನು ಗುರುತಿಸಿ ಅಭ್ಯಾಸ ಮಾಡಿರುತ್ತಾರೆ. ಕೆರೆಯಿಂದಲೋ ಕೊಳದಿಂದಲೋ ತಂದ ಹೈಡ್ರಿಲ್ಲವೆಂಬ ನೀರುಗಿಡದ ಕೆಲವು ಎಳೆಗಳನ್ನು, ಕತ್ತರಿಸಿದ ತುದಿ ಮೇಲ್ಮುಖವಾಗಿರುವಂತೆ ಗಾಜಿನ ಆಲಿಕೆಯೊಂದರೊಳಗೆ ಸೇರಿಸಿ, ಆ ಆಲಿಕೆಯನ್ನು ನೀರು ತುಂಬಿದ ಬೀಕರಿನಲ್ಲಿ ಬೋರಲಾಗಿಟ್ಟು, ಅದರ ಕೊಳವೆಯ ಮೇಲೆ ನೀರು ತುಂಬಿದ ಪ್ರನಾಳವೊಂದನ್ನು ತಲೆಕೆಳಗಾಗಿ ನಿಲ್ಲಿಸಿ, ಒಂದು ಚಿಟಿಕೆ ಅಡಿಗೆ ಸೋಡವನ್ನು ನೀರಿನಲ್ಲಿ ಕರಗಿಸಿ, ಎಲ್ಲವನ್ನೂ ಬಿಸಿಲಿನಲ್ಲಿಟ್ಟರೆ, ಸ್ವಲ್ಪ ಹೊತ್ತಿನಲ್ಲಿ ಕಾಂಡದ ತುದಿಯಿಂದ ಸೂಕ್ಷ್ಮವಾದ ಬುದ್ಬುದಗಳು ಒಂದರ ಹಿಂದೊಂದು ಮೇಲೇರತೊಡಗುತ್ತವೆ. ಅವು ಪ್ರನಾಳದ ನೆತ್ತಿಯಲ್ಲಿ ಶೇಖರವಾಗಿ ನೀರನ್ನು ಕೆಳಕ್ಕೆ ತಳ್ಳುತ್ತವೆ. ಆ ಅನಿಲದೊಳಗೆ ಊದುಬತ್ತಿಯ ಕೆಂಡವನ್ನು ಹಿಡಿದಾಗ ಅದು ಪ್ರಜ್ವಲಿಸಿತೆಂದರೆ, ಉಪಾಧ್ಯಾಯರು ಕಪ್ಪುಹಲಗೆಯ ಮೇಲೆ, ದ್ಯುತಿಸಂಶ್ಲೇಷಣೆಯಲ್ಲಿ ಆಮ್ಲಜನಕವು ಬಿಡುಗಡೆಯಾಗುತ್ತದೆಂದು ಬರೆಯುತ್ತಾರೆ. ಅಷ್ಟರಲ್ಲಿ ಗಂಟೆ ಬಾರಿಸುತ್ತದೆ.

ನಲವತ್ತು ನಿಮಿಷಗಳಲ್ಲಿ ಮುಗಿಯುವ ಈ ಪಾಠ ಸಿದ್ಧವಾಗುವುದಕ್ಕೆ ಹೆಚ್ಚುಕಡಮೆ ಇನ್ನೂರು ವರ್ಷಗಳು ಹಿಡಿದವು. ಬಿಸಿಲೇಕೆ, ಸೋಡವೇಕೆ, ಹಸಿರು ಭಾಗವೇ ಏಕೆ ಎಂಬ ಒಂದೊಂದು ಪ್ರಶ್ನೆಯ ಹಿಂದೆಯೂ ಒಬ್ಬೊಬ್ಬ ವಿದ್ವಾಂಸನ ಶ್ರಮವೂ, ಅನೇಕ ಸಂದರ್ಭಗಳಲ್ಲಿ ಜಗಳವೂ ಇದೆ. ಗುಳ್ಳೆಯನ್ನು ಕಾಣುವುದು ಕಷ್ಟವಾಗಿರಲಿಲ್ಲ. ಅದು ಯಾರ ಗುಳ್ಳೆ, ಗಿಡದ್ದೊ ನೀರಿನದೊ ಎಂಬುದನ್ನು ನಿರ್ಣಯಿಸುವುದೇ ಕಷ್ಟವಾಗಿತ್ತು.

ಈ ಗುಳ್ಳೆಯನ್ನು ಮನಸ್ಸಿಟ್ಟು ಪರೀಕ್ಷಿಸಿ ಗ್ರಂಥಸ್ಥಗೊಳಿಸಿದವರಲ್ಲಿ ಮೊದಲು ನೆನೆಯಬೇಕಾದವನು ಜಿನೀವಾ ನಗರದ ಷಾರ್ಲ್ ಬೊನೆ. ಗಿಡಹೇನುಗಳು ಗಂಡಿನ ಸಂಪರ್ಕವಿಲ್ಲದೆಯೇ ಮರಿಹಾಕುತ್ತವೆಂಬುದನ್ನು ಯೌವನದಲ್ಲಿಯೇ ತೋರಿಸಿ ಹೆಸರಾಗಿದ್ದ ಈತ, ಸೂಕ್ಷ್ಮದರ್ಶಕದ ಅತಿಯಾದ ಬಳಕೆಯಿಂದ ಕಣ್ಣು ಕ್ಷೀಣಿಸಿದ ಮೇಲೆ ಸಸ್ಯಗಳ ಕಡೆಗೆ ತಿರುಗಿದನು. ಎಲೆಗಳ ಉಪಯೋಗವನ್ನು ಕುರಿತು 1754ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿ, ದ್ರಾಕ್ಷಿಯ ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟಾಗ ಅವುಗಳ ಮೈತುಂಬ ಗುಳ್ಳೆಗಳು ಮೂಡುತ್ತವೆಂದೂ, ಸೂರ್ಯನು ಮುಳುಗಿದ ಬಳಿಕ ನಿಲ್ಲುತ್ತವೆಂದೂ ಸ್ಪಷ್ಟವಾಗಿ ನಿರೂಪಿಸಿದ್ದಾನೆ. ಎಲೆ ಉಸಿರಾಡುತ್ತಿರಬಹುದೆಂಬ ಶಂಕೆ ಅವನಿಗೆ ಬಾರದೆ ಇರಲಿಲ್ಲ. ಆದರೆ ಆತ ಎಚ್ಚರದ ಮನುಷ್ಯ. ನೀರನ್ನು ಚೆನ್ನಾಗಿ ಕುದಿಸಿ, ಅದರಲ್ಲಿ ಅಡಗಿದ್ದ ವಾಯುವನ್ನೆಲ್ಲ ಹೊರಡಿಸಿ, ಆರಿಸಿ, ಅದರೊಳಗೆ ಎಲೆಯನ್ನಿಟ್ಟು ನೋಡಿದನು. ಎಷ್ಟೇ ಬಿಸಿಲಿದ್ದರೂ ಒಂದು ಗುಳ್ಳೆಯೂ ಹುಟ್ಟಲಿಲ್ಲ. ಆದಕಾರಣ, ಗುಳ್ಳೆಗಳು ಎಲೆಯವಲ್ಲ, ನೀರಿನಲ್ಲಿ ಕರಗಿದ್ದ ವಾಯುವೇ ಬಿಸಿಲ ಕಾವಿಗೆ ಹೊರಬಂದು ಎಲೆಗೆ ಅಂಟಿಕೊಳ್ಳುತ್ತದೆ ಎಂದು ತೀರ್ಮಾನಿಸಿಬಿಟ್ಟನು.

ಪ್ರಯೋಗ ನಿರ್ದುಷ್ಟ, ತರ್ಕ ಶುದ್ಧ, ಫಲಿತಾಂಶ ಮಾತ್ರ ತಪ್ಪು. ಆದರೂ ಬೊನೆಯನ್ನು ಅಪಹಾಸ್ಯ ಮಾಡುವ ಹಕ್ಕು ನಮಗಿಲ್ಲ. ಏಕೆಂದರೆ ಗಿಡವೇ ಇಲ್ಲದ ನೀರನ್ನು ಬಿಸಿಲಿಗಿಟ್ಟರೂ ಗಾಜಿನ ಒಳಮೈಯಲ್ಲಿ ಗುಳ್ಳೆಗಳು ಕಟ್ಟುವುದು ನಿಜವೇ, ಮತ್ತು ತರಗತಿಯಲ್ಲಿ ಗಿಡವಿಲ್ಲದ ಎರಡನೆಯ ಬೀಕರನ್ನು ಪಕ್ಕದಲ್ಲಿಟ್ಟು ಹೋಲಿಸಿ ತೋರಿಸದಿದ್ದರೆ ಬೊನೆಯ ಆಕ್ಷೇಪಣೆಗೆ ನಮ್ಮ ವಿದ್ಯಾರ್ಥಿಗಳ ಬಳಿ ಉತ್ತರವಿರುವುದಿಲ್ಲ. ಅವನ ಕಾಲದಲ್ಲಿ ಕೊರತೆಯಾಗಿದ್ದುದು ಬುದ್ಧಿಯಲ್ಲ. ವಾಯುಗಳಲ್ಲಿ ನಾನಾ ಬಗೆಗಳುಂಟೆಂಬ ತಿಳಿವಳಿಕೆ.

ಆ ತಿಳಿವಳಿಕೆ ಇಂಗ್ಲೆಂಡಿನಿಂದ ಬಂದಿತು. ಲೀಡ್ಸ್ ನಗರದಲ್ಲಿ ಧರ್ಮೋಪದೇಶಕನಾಗಿದ್ದ ಜೋಸೆಫ್ ಪ್ರೀಸ್ಟ್‌ಲಿ 1771ರ ಆಗಸ್ಟ್ 17ರಂದು, ಮೇಣದಬತ್ತಿ ಉರಿದು ಆರಿಹೋಗಿದ್ದ ವಾಯುವಿನೊಳಗೆ ಒಂದು ಪುದೀನದ ಕುಡಿಯನ್ನಿಟ್ಟನು. ಅದೇ ತಿಂಗಳ 27ರಂದು ಅದೇ ವಾಯುವಿನಲ್ಲಿ ಬೇರೊಂದು ಬತ್ತಿ ಸೊಗಸಾಗಿ ಉರಿಯಿತು. ಪ್ರಾಣಿಗಳ ಉಸಿರಿನಿಂದಲೂ ಬೆಂಕಿಯಿಂದಲೂ ಕೆಟ್ಟ ವಾಯುವನ್ನು ಸಸ್ಯಗಳು ಮರಳಿ ಶುದ್ಧಗೊಳಿಸುತ್ತವೆಂಬ ಈ ಸಂಶೋಧನೆಗಾಗಿ ರಾಯಲ್ ಸೊಸೈಟಿಯು 1773ರಲ್ಲಿ ಅವನಿಗೆ ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಮರುವರ್ಷ ಆತನೇ ಪಾದರಸದ ಕೆಂಪು ಭಸ್ಮವನ್ನು ಸೂರ್ಯಕಿರಣದಿಂದ ಕಾಯಿಸಿ, ನಾವಿಂದು ಆಮ್ಲಜನಕವೆನ್ನುವ ಅನಿಲವನ್ನು ಪಡೆದನು. ಆದರೆ ಪುದೀನದ ಪ್ರಯೋಗವನ್ನು ಮತ್ತೆ ಮಾಡಹೊರಟವರಿಗೆ ಒಮ್ಮೆ ವಾಯು ಶುದ್ಧವಾದರೆ ಇನ್ನೊಮ್ಮೆ ಮತ್ತಷ್ಟು ಕೆಡುತ್ತಿತ್ತು. ಸ್ವೀಡನ್ನಿನ ರಸಾಯನಜ್ಞ ಷೀಲೆಗೆ ಸಸ್ಯಗಳು ವಾಯುವನ್ನು ಕೆಡಿಸುವುದೇ ಕಂಡಿತು. ಪ್ರೀಸ್ಟ್‌ಲಿಯ ಪುನಃಪ್ರಯೋಗಗಳೂ ಪರಸ್ಪರ ವಿರೋಧವಾಗಿದ್ದವು. ಪಾತ್ರೆಯನ್ನು ಕಿಟಕಿಯ ಬಳಿ ಇಡಲಾಗಿತ್ತೆ, ಮೂಲೆಯಲ್ಲಿಯೆ ಎಂಬುದನ್ನು ಯಾರೂ ಗಮನಿಸಿರಲಿಲ್ಲ.

ಅದನ್ನು ಗಮನಿಸಿದವನು ಹಾಲೆಂಡಿನ ಬ್ರೆಡಾ ಪಟ್ಟಣದಲ್ಲಿ 1730ರಲ್ಲಿ ಹುಟ್ಟಿದ ಯಾನ್ ಇಂಗೆನ್‌ಹೌಸ್ ಎಂಬ ವೈದ್ಯ. ವಿಯೆನ್ನಾದ ರಾಜಕುಟುಂಬಕ್ಕೆ 1768ರಲ್ಲಿ ಸಿಡುಬಿನ ರಕ್ಷಣೆಗಾಗಿ ಸೋಂಕು ಚುಚ್ಚಿ ಕಾಪಾಡಿ, ಮರಿಯಾ ಥೆರೆಸಾ ರಾಣಿಯ ಆಸ್ಥಾನವೈದ್ಯನಾಗಿ ಯಥೇಚ್ಛ ವೇತನವನ್ನೂ ಅದಕ್ಕಿಂತ ಅಮೂಲ್ಯವಾದ ವಿರಾಮವನ್ನೂ ಪಡೆದ ಈತ, 1779ರ ಬೇಸಗೆಯಲ್ಲಿ ಲಂಡನ್ನಿನ ಸಮೀಪದ ಹಳ್ಳಿಮನೆಯೊಂದರಲ್ಲಿ ತಂಗಿ, ಮೂರು ತಿಂಗಳು ತುಂಬುವುದರೊಳಗಾಗಿ ಐನೂರಕ್ಕೂ ಮೇಲ್ಪಟ್ಟು ಪ್ರಯೋಗಗಳನ್ನು ನಡೆಸಿ, ಅದೇ ವರ್ಷದಲ್ಲಿ ಅವನ್ನು ಪುಸ್ತಕವಾಗಿಯೂ ಅಚ್ಚುಹಾಕಿಸಿದನು. ಅಂಥ ತ್ವರೆ ಇಂದಿನ ಸಂಶೋಧಕರಿಗೂ ದುರ್ಲಭವೇ ಸರಿ. ಅವನ ವಿಧಾನವು ನಮ್ಮ ತರಗತಿಯ ವಿಧಾನದ ಪಿತಾಮಹ: ನೀರು ತುಂಬಿದ ಗಾಜಿನ ಪಾತ್ರೆಯೊಳಗೆ ಎಲೆಗಳನ್ನು ತುಂಬಿ, ಪಾತ್ರೆಯನ್ನು ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿ, ಏರಿ ಬಂದ ವಾಯುವನ್ನು ಹಿಡಿದು ಪರೀಕ್ಷಿಸುವುದು. ಬೊನೆ ಗುಳ್ಳೆಯನ್ನು ನೋಡಿ ಬಿಟ್ಟನು. ಇಂಗೆನ್‌ಹೌಸನು ಅದನ್ನು ಸೆರೆಹಿಡಿದು, ಅದರಲ್ಲಿ ಜ್ವಾಲೆ ಹೇಗೆ ಉರಿಯುವುದೆಂದು ವಿಚಾರಿಸಿದನು. ಬಿಸಿಲಿನಲ್ಲಿ ಬಂದ ವಾಯು ಸಾಮಾನ್ಯ ವಾಯುವಿಗಿಂತ ಎಷ್ಟೋ ಉತ್ತಮ. ಕತ್ತಲೆಯಲ್ಲಿ ಬಂದದ್ದು ಅತ್ಯಲ್ಪ, ಅದೂ ಕೆಟ್ಟದ್ದು. ಬಿಸಿಲಿನ ಶಾಖವೇ ಕಾರಣವಿರಬಹುದೇ ಎಂದು, ಪಾತ್ರೆಯನ್ನು ಬೆಳಕಿಲ್ಲದೆಡೆ ಬೆಂಕಿಯ ಕಾವಿಗಿಟ್ಟು ನೋಡಿದನು, ಶುದ್ಧವಾಯು ಹುಟ್ಟಲಿಲ್ಲ. ಬೇರು, ಹೂವು, ಹಣ್ಣುಗಳು ಹಗಲಿನಲ್ಲಿಯೂ ವಾಯುವನ್ನು ಕೆಡಿಸುವುವೆಂದೂ, ಎಲೆ ಮತ್ತು ಹಸಿರು ಕಾಂಡಗಳಿಗೆ ಮಾತ್ರ ಈ ಶಕ್ತಿ ಇರುವುದೆಂದೂ ಕಂಡುಕೊಂಡನು. ಷೀಲೆಯ ಅನುಭವಕ್ಕೂ ಪ್ರೀಸ್ಟ್‌ಲಿಯ ಅನುಭವಕ್ಕೂ ಇದ್ದ ವಿರೋಧವೆಲ್ಲ ಒಂದೇ ಏಟಿಗೆ ಕರಗಿಹೋಯಿತು.

ರಾತ್ರಿಯ ವೇಳೆ ಸಸ್ಯಗಳು ವಾಯುವನ್ನು ವಿಷಮಯಗೊಳಿಸುತ್ತವೆಂಬ ವಿಷಯದಲ್ಲಿ ಮಾತ್ರ ಇಂಗೆನ್‌ಹೌಸನು ತುಸು ಹೆಚ್ಚಾಗಿಯೇ ಭೀತನಾದನು; ಮಲಗುವ ಕೋಣೆಯಲ್ಲಿ ಹೂಗಳನ್ನಿಡಬಾರದೆಂಬ ಎಚ್ಚರಿಕೆ ಅಂದಿನಿಂದ ಬೆಳೆಯಿತು. ರಾತ್ರಿಯಲ್ಲಿ ಮರದ ಕೆಳಗೆ ಮಲಗಬೇಡವೆಂದು ನಮ್ಮ ಹಿರಿಯರೂ ಹೇಳುವುದುಂಟು. ಗಿಡಗಳು ರಾತ್ರಿ ಉಸಿರಾಡುವುದು ನಿಜ, ಆದರೆ ಕೋಣೆಯಲ್ಲಿ ಜೊತೆಗೆ ಮಲಗಿದ ಮತ್ತೊಬ್ಬ ಮನುಷ್ಯನಿಗೆ ಹೆದರದವರು ಒಂದು ಹೂಕುಂಡಕ್ಕೆ ಹೆದರಬೇಕಾಗಿಲ್ಲ.

ಇನ್ನು ಸೋಡದ ಕಥೆ. ಕುದಿಸಿದ ನೀರಿನಲ್ಲಿ ಗುಳ್ಳೆಗಳೇಕೆ ಬರಲಿಲ್ಲವೆಂಬ ಬೊನೆಯ ಒಗಟನ್ನು ಬಿಡಿಸಿದವನು ಅದೇ ಜಿನೀವಾದವನೂ, ಬೊನೆಯನ್ನು ಗುರುವಿನಂತೆ ಕಾಣುತ್ತಿದ್ದವನೂ ಆದ ಝಾನ್ ಸೆನೆಬಿಯೆ; ವೃತ್ತಿಯಿಂದ ಪಾದ್ರಿ, ಆಮೇಲೆ ಆ ನಗರದ ಗ್ರಂಥಪಾಲಕ. 1782ರಲ್ಲಿ ಪ್ರಕಟವಾದ ಅವನ ಸಂಪುಟಗಳ ಸಾರವಿಷ್ಟು: ಕುದಿಸುವಿಕೆಯಿಂದ ನೀರು ಕಳೆದುಕೊಳ್ಳುವುದು ಬರಿಯ ವಾಯುವನ್ನಲ್ಲ, ಇಂದು ಇಂಗಾಲದ ಡೈಆಕ್ಸೈಡೆನ್ನುವ ಇಂಗಾಲಾಮ್ಲ ವಾಯುವನ್ನು; ಆ ವಾಯುವನ್ನು ಅದೇ ನೀರಿಗೆ ಮರಳಿ ಕೂಡಿಸಿದರೆ ಎಲೆಗಳು ಮರಳಿ ಗುಳ್ಳೆಗಳನ್ನು ಬಿಡುತ್ತವೆ. ಅಂದರೆ, ಗಿಡಕ್ಕೂ ಗುಳ್ಳೆಗೂ ಸಂಬಂಧವಿಲ್ಲವೆಂದು ಸಾಧಿಸಲು ಗುರುವು ಹೂಡಿದ ಪ್ರಯೋಗವೇ, ಗಿಡವು ನೀರಿನಿಂದ ಯಾವ ಆಹಾರವನ್ನು ಹೀರುತ್ತಿದೆಯೆಂಬುದಕ್ಕೆ ಶಿಷ್ಯನ ಕೈಯಲ್ಲಿ ಸಾಕ್ಷಿಯಾಗಿ ಪರಿಣಮಿಸಿತು. ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟವಿದು. ನಮ್ಮ ಉಪಾಧ್ಯಾಯರು ಬೀಕರಿಗೆ ಹಾಕುವ ಅಡಿಗೆ ಸೋಡವು ಸೆನೆಬಿಯೆ ಕೂಡಿಸಿದ ವಾಯುವಿನ ಸುಲಭ ರೂಪವಷ್ಟೆ. ಸೋಡವನ್ನು ಹಾಕಿ ಗುಳ್ಳೆಗಳನ್ನು ತೋರಿಸಿದರೆ ಸಾಲದು. ಕುದಿಸಿ ಆರಿಸಿದ ನೀರಿನ ಬೀಕರೊಂದನ್ನು ಪಕ್ಕದಲ್ಲಿಟ್ಟು, ಅದರಲ್ಲಿ ಗುಳ್ಳೆಗಳು ಬಾರದಿರುವುದನ್ನು ಮೊದಲು ತೋರಿಸಿ, ಅನಂತರ ಅದಕ್ಕೂ ಸೋಡವನ್ನು ಬೆರೆಸಿದರೆ ಮಕ್ಕಳು ಮೂವತ್ತು ವರ್ಷಗಳ ವಾದವನ್ನು ಒಂದೇ ಮಧ್ಯಾಹ್ನದಲ್ಲಿ ಕಂಡಂತಾಗುತ್ತದೆ.

ಮುಂದೆ 1804ರಲ್ಲಿ ಜಿನೀವಾದವನೇ ಆದ ಥಿಯೊಡೋರ್ ದ ಸೋಸ್ಯೂರನು, ಗಿಡದ ತೂಕ ಹೆಚ್ಚುವುದು ಇಂಗಾಲದಿಂದ ಮಾತ್ರವಲ್ಲ, ನೀರೂ ಅದರ ದೇಹದಲ್ಲಿ ಸೇರುತ್ತದೆಂದು ತೂಗಿ ತೋರಿಸಿದನು. ಜರ್ಮನಿಯ ಜೂಲಿಯಸ್ ಸಾಕ್ಸನು 1860ರ ದಶಕದಲ್ಲಿ, ಬೆಳಕು ಬಿದ್ದ ಎಲೆಯಲ್ಲಿ ಪಿಷ್ಟವು ಕಟ್ಟುವುದನ್ನು ಅಯೊಡಿನ್ನಿನಿಂದ ನೀಲಿಗೊಳಿಸಿ ತೋರಿಸಿದನಲ್ಲದೆ, ನೀರುಗಿಡದ ಗುಳ್ಳೆಗಳನ್ನು ಎಣಿಸಿಯೇ ಈ ಕ್ರಿಯೆಯ ವೇಗವನ್ನು ಅಳೆಯಬಹುದೆಂಬ ಪದ್ಧತಿಯನ್ನೂ ಬಳಕೆಗೆ ತಂದನು. ದೀಪವನ್ನು ಹತ್ತಿರಕ್ಕೂ ದೂರಕ್ಕೂ ಸರಿಸುತ್ತ ನಿಮಿಷಕ್ಕೆ ಎಷ್ಟು ಗುಳ್ಳೆಗಳೆಂದು ಇಂದಿನ ವಿದ್ಯಾರ್ಥಿಗಳು ಗೀಟು ಹಾಕಿಕೊಳ್ಳುವುದು ಆ ಪದ್ಧತಿಯ ಮುಂದುವರಿಕೆ. ಹಾಗೆ ಎಣಿಸಿದವರಿಗೆಲ್ಲ ಒಂದು ಸಂಗತಿ ಗೋಚರಿಸುತ್ತದೆ: ದೀಪವನ್ನು ಹತ್ತಿರ ತಂದಷ್ಟೂ ಗುಳ್ಳೆಗಳು ಹೆಚ್ಚುತ್ತ ಹೋಗಿ, ಒಂದು ಹಂತದಲ್ಲಿ ಆ ಏರಿಕೆ ನಿಂತುಬಿಡುತ್ತದೆ; ಆಗ ಸೋಡವನ್ನು ಹೆಚ್ಚಿಸಿದರೆ ಮತ್ತೆ ಏರುತ್ತವೆ. ಅತ್ಯಂತ ಕೊರತೆಯಾಗಿರುವ ಒಂದಂಶವೇ ಒಟ್ಟು ವೇಗವನ್ನು ಕಟ್ಟಿಹಾಕುತ್ತದೆಂದು ಕೇಂಬ್ರಿಜ್ಜಿನ ಬ್ಲಾಕ್‌ಮನ್ 1905ರಲ್ಲಿ ಈ ಬಗೆಯ ಫಲಗಳಿಂದಲೇ ಸೂತ್ರೀಕರಿಸಿದನು.

ಗುಳ್ಳೆಗಳ ಎಣಿಕೆಯಲ್ಲಿ ಮೋಸಗಳೂ ಉಂಟು. ಕಾಂಡವನ್ನು ಕತ್ತರಿಸಿದ ಬಾಯಿ ಹಿರಿದಾದರೆ ಗುಳ್ಳೆ ದೊಡ್ಡದು, ಕಿರಿದಾದರೆ ಚಿಕ್ಕದು. ಹೈಡ್ರಿಲ್ಲದಂಥ ಗಿಡಗಳ ಒಡಲಿನಲ್ಲಿ ಉದ್ದಕ್ಕೂ ವಾಯುನಾಳಗಳಿರುವುದರಿಂದ ಅನಿಲವು ಅವುಗಳಲ್ಲಿ ಒತ್ತಡಕ್ಕೊಳಗಾಗಿ ತುದಿಯಿಂದ ಹೊರಬರುತ್ತದೆ. ಆ ನಾಳಗಳೊಳಕ್ಕೆ ನೀರಿನಲ್ಲಿ ಕರಗಿರುವ ನೈಟ್ರೊಜನ್ ಕೂಡ ನುಸುಳುವುದರಿಂದ, ಪ್ರನಾಳದಲ್ಲಿ ನಾವು ಹಿಡಿಯುವ ಅನಿಲವು ಎಂದೂ ಅಪ್ಪಟ ಆಮ್ಲಜನಕವಲ್ಲ. ಊದುಬತ್ತಿಯ ಕೆಂಡವು ಕೆಲವು ಬಾರಿ ಭುಗಿಲೆನ್ನದೆ ಸುಮ್ಮನೆ ಕೆಂಪಗಾಗಿ ಉಳಿಯುವುದು ಆದ್ದರಿಂದಲೇ. ಪುಸ್ತಕದಲ್ಲಿ ಹಾಗೆ ಬರೆದಿದೆಯೆಂದು, ಉರಿಯದ ಬತ್ತಿಯನ್ನು ಉರಿಯಿತೆಂದು ಹೇಳಿಸುವುದಕ್ಕಿಂತ ಈ ಕಾರಣವನ್ನು ಹೇಳುವುದು ಮೇಲು. ಗುಳ್ಳೆಯ ಗಾತ್ರದ ತೊಂದರೆಯನ್ನು ನೀಗಿಸಲು ಇಂಗ್ಲೆಂಡಿನ ವಿಲ್ಮಟ್ ಎಂಬಾತ 1921ರಲ್ಲಿ, ಕಾಂಡದ ತುದಿಗೆ ಕಿರಿದಾದ ಗಾಜಿನ ಮೂತಿಯೊಂದನ್ನು ಅಳವಡಿಸಿ ಗುಳ್ಳೆಗಳೆಲ್ಲ ಸಮಗಾತ್ರದವಾಗುವಂತೆ ಮಾಡಿದನು. ವಿಲ್ಮಟ್ ಬಬ್ಲರ್ ಎಂಬ ಹೆಸರಿನಲ್ಲಿ ಆ ಉಪಕರಣವು ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಸುಪರಿಚಿತ.

ಇದೇ ಕಾಲಕ್ಕೆ ಕಲ್ಕತ್ತೆಯಲ್ಲಿ, ತಾವೇ 1917ರಲ್ಲಿ ಸ್ಥಾಪಿಸಿದ ಸಂಶೋಧನಮಂದಿರದಲ್ಲಿ, ಆಚಾರ್ಯ ಜಗದೀಶಚಂದ್ರ ಬೋಸರು ವಂಗದೇಶದ ಕೊಳಗಳಲ್ಲಿ ಹೇರಳವಾಗಿ ಬೆಳೆಯುವ ಹೈಡ್ರಿಲ್ಲವನ್ನೇ ಆರಿಸಿಕೊಂಡು, ಗುಳ್ಳೆಯೊಂದು ಹೊರಬಿದ್ದಾಗಲೆಲ್ಲ ವಿದ್ಯುನ್ಮಂಡಲವು ಪೂರ್ಣಗೊಂಡು ತಾನಾಗಿಯೇ ಗುರುತು ಬೀಳುವಂಥ ಯಂತ್ರವನ್ನು ನಿರ್ಮಿಸಿದರು. ಎಣಿಸುವವನ ಕಣ್ಣಿನ ಆಯಾಸವೂ, ತನಗೆ ಬೇಕಾದ ಉತ್ತರವನ್ನೇ ಕಾಣುವ ಮನಸ್ಸಿನ ಪಕ್ಷಪಾತವೂ ಹೀಗೆ ಪ್ರಯೋಗದಿಂದ ಹೊರಗಾದವು. 1924ರಲ್ಲಿ ಪ್ರಕಟವಾದ ಅವರ ದ್ಯುತಿಸಂಶ್ಲೇಷಣೆಯ ಗ್ರಂಥವು ಬಹುಮಟ್ಟಿಗೆ ಈ ಒಂದು ನೀರುಗಿಡದ ಆತ್ಮಕಥೆಯೆನ್ನಬಹುದು. ಬೋಸರ ಸಸ್ಯಸಂವೇದನೆಯ ಪ್ರಯೋಗಗಳನ್ನು ಕುರಿತು ನಮ್ಮವರು ಆಡುವ ಹೆಮ್ಮೆಯ ಮಾತುಗಳಲ್ಲಿ ಹತ್ತರಲ್ಲೊಂದಂಶವೂ ಈ ಕೃತಿಗೆ ಸಲ್ಲದಿರುವುದು ವಿಷಾದಕರ; ಯುರೋಪಿನ ಶಾಲೆಗಳು ಎಲೋಡಿಯವೆಂಬ ನೀರುಗಿಡವನ್ನು ನೆಚ್ಚಿಕೊಂಡಿದ್ದಾಗ ನಮ್ಮ ಕೆರೆಯ ಕಳೆಗೆ ವಿಜ್ಞಾನದಲ್ಲಿ ಪೀಠವನ್ನು ಕೊಟ್ಟವರು ಅವರು.

ಇಷ್ಟೆಲ್ಲ ಆದ ಮೇಲೂ ಮೊದಲಿನ ಪ್ರಶ್ನೆ, ಗುಳ್ಳೆ ಯಾರದೆಂಬುದು, ಮತ್ತೊಂದು ರೂಪದಲ್ಲಿ ಉಳಿದೇ ಇತ್ತು. ಗಿಡವು ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಹೀರಿ ಆಮ್ಲಜನಕವನ್ನು ಬಿಡುವುದು ನಿಶ್ಚಯವಾಯಿತು. ಆದರೆ ಆಮ್ಲಜನಕ ಎರಡರಲ್ಲಿಯೂ ಇದೆಯಷ್ಟೆ. ಬಿಡುಗಡೆಯಾದದ್ದು ಯಾವುದರಿಂದ? ಡೈಆಕ್ಸೈಡು ಸೀಳಿ ಇಂಗಾಲ ಗಿಡಕ್ಕೂ ಆಮ್ಲಜನಕ ನಮಗೂ ಬರುತ್ತದೆಂಬುದೇ ಬಹುಕಾಲ ವಿದ್ವಾಂಸರ ಸಹಜವಾದ ಊಹೆಯಾಗಿತ್ತು. ಹಾಲೆಂಡಿನಿಂದ ಕ್ಯಾಲಿಫೋರ್ನಿಯಕ್ಕೆ ಬಂದು ನೆಲೆಸಿದ ವಾನ್ ನೀಲ್, ನೀರಿನ ಬದಲು ಹೈಡ್ರೊಜನ್ ಸಲ್ಫೈಡನ್ನು ಬಳಸಿ ಆಮ್ಲಜನಕದ ಬದಲು ಗಂಧಕವನ್ನು ಹೊರಹಾಕುವ ಕೆಲವು ಬ್ಯಾಕ್ಟೀರಿಯಗಳನ್ನು ಅಭ್ಯಸಿಸಿ, ಹಸಿರು ಗಿಡದಲ್ಲಿಯೂ ಸೀಳುವುದು ನೀರೇ ಇರಬೇಕೆಂದು 1930ರ ದಶಕದ ಆರಂಭದಲ್ಲಿ ತರ್ಕಿಸಿದನು. 1930ರ ದಶಕದ ಕೊನೆಯಲ್ಲಿ ಕೇಂಬ್ರಿಜ್ಜಿನ ರಾಬಿನ್ ಹಿಲ್, ಎಲೆಯಿಂದ ಬೇರ್ಪಡಿಸಿದ ಹಸಿರುಕಣಗಳು ಡೈಆಕ್ಸೈಡಿನ ನೆರವಿಲ್ಲದೆಯೇ ಆಮ್ಲಜನಕವನ್ನು ಬಿಡುವುವೆಂದು ತೋರಿಸಿದನು. 1941ರಲ್ಲಿ ಕ್ಯಾಲಿಫೋರ್ನಿಯದ ರೂಬೆನ್, ಕೇಮನ್ ಮತ್ತು ಅವರ ಸಂಗಡಿಗರು, ಸಾಮಾನ್ಯ ಆಮ್ಲಜನಕಕ್ಕಿಂತ ಭಾರವಾದ, ತೂಕ 18ರ ಆಮ್ಲಜನಕವನ್ನು ಗುರುತಾಗಿ ಬಳಸಿ, ಕ್ಲೊರೆಲ್ಲವೆಂಬ ಸೂಕ್ಷ್ಮ ಜಲಸಸ್ಯವನ್ನು ಬೆಳಕಿಗಿಟ್ಟರು. ಹೊರಬಂದ ಅನಿಲದಲ್ಲಿ ಭಾರದ ಆಮ್ಲಜನಕದ ಪ್ರಮಾಣವು ನೀರಿನಲ್ಲಿದ್ದ ಪ್ರಮಾಣಕ್ಕೆ ಸರಿಹೋಯಿತೇ ಹೊರತು, ಡೈಆಕ್ಸೈಡನ್ನೊದಗಿಸಲು ಕರಗಿಸಿದ್ದ ಬೈಕಾರ್ಬೊನೇಟಿನ ಪ್ರಮಾಣಕ್ಕಲ್ಲ.

ಗುಳ್ಳೆಗಳು ನೀರಿನವೆಂದು ಬೊನೆ ಹೇಳಿದ್ದನಲ್ಲವೆ. ಅವನು ಎಣಿಸಿದ ಅರ್ಥದಲ್ಲಿ ಅಲ್ಲವಾದರೂ, ಅವು ನೀರಿನವೇ ಆದವು. ಪಠ್ಯಪುಸ್ತಕದ ದ್ಯುತಿಸಂಶ್ಲೇಷಣೆಯ ಸಮೀಕರಣದಲ್ಲಿ ಎಡಗಡೆ ಹನ್ನೆರಡು ನೀರಿನ ಅಣುಗಳನ್ನೂ ಬಲಗಡೆ ಆರನ್ನೂ ಬರೆದಿರುವುದನ್ನು ಕಂಡು, ಎರಡೂ ಕಡೆಯಿಂದ ಆರಾರನ್ನು ಹೊಡೆದುಹಾಕಬಾರದೇಕೆಂದು ಲೆಕ್ಕದಲ್ಲಿ ಚುರುಕಾದ ಹುಡುಗರು ಕೇಳುವುದುಂಟು. ಹೊರಬರುವ ಆರು ಆಮ್ಲಜನಕದ ಅಣುಗಳಲ್ಲಿ ಹನ್ನೆರಡು ಪರಮಾಣುಗಳಿವೆ. ಅವಷ್ಟೂ ನೀರಿನಿಂದಲೇ ಬರಬೇಕಾದ್ದರಿಂದ ಹನ್ನೆರಡು ನೀರಿನ ಅಣುಗಳು ಸೀಳಲೇಬೇಕು, ಮತ್ತು ಬಲಗಡೆಯ ಆರು ಅಣುಗಳು ಹಳೆಯ ನೀರಲ್ಲ, ಡೈಆಕ್ಸೈಡಿನ ಆಮ್ಲಜನಕದಿಂದ ಹೊಸದಾಗಿ ಹುಟ್ಟಿದ ನೀರು.